ಮನೆ ನೋಡುವ ಮೊದಲು ಬೀದಿ ನೋಡಿ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಮನೆ ಹುಡುಕಲು ಹೊರಟಾಗ ನಾವೆಲ್ಲ ಏನೇನು ಕೇಳುತ್ತೇವೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ದಿನವೂ ಬರುತ್ತದೆಯೇ, ಬಾಗಿಲು ಪೂರ್ವಕ್ಕಿದೆಯೇ, ಲಿಫ್ಟ್ ಇದೆಯೇ, ಕಾರು ನಿಲ್ಲಿಸಲು ಜಾಗ ಇದೆಯೇ. ಅಡುಗೆಮನೆಯ ಕಟ್ಟೆಯನ್ನು ಕೈಯಿಂದ ಸವರಿ ನೋಡುತ್ತೇವೆ. ನಲ್ಲಿ ತಿರುಗಿಸಿ ನೋಡುತ್ತೇವೆ. ಆದರೆ ಆ ಮನೆಯ ಮುಂದಿನ ಬೀದಿ ಹೇಗಿದೆ ಎಂದು ಐದು ನಿಮಿಷ ನಿಂತು ನೋಡುತ್ತೇವೆಯೇ? ನಾನಂತೂ ನೋಡಿರಲಿಲ್ಲ. ಅದಕ್ಕೆ ತೆತ್ತ ಬೆಲೆಯನ್ನೂ ಆಮೇಲೆ ಕಲಿತ ಪಾಠವನ್ನೂ ಇವತ್ತು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಾನು ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. 2016ರಲ್ಲಿ ನನಗೆ ಆಂಧ್ರದ ವಿಜಯವಾಡಕ್ಕೆ ವರ್ಗವಾಯಿತು. ನಮ್ಮ ಜೊತೆ ನಮ್ಮತ್ತೆಯವರೂ ಬಂದರು. ಅವರು ಮದುವೆಯಾದಾಗಿನಿಂದ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಮಲ್ಲೇಶ್ವರದ ಒಂದೇ ಅಡ್ಡರಸ್ತೆಯಲ್ಲಿ ಬಾಳಿದವರು. ಆ ಮನೆ ಅಣ್ಣತಮ್ಮಂದಿರ ಪಾಲಿನಲ್ಲಿ ಮಾರಾಟವಾಗಿತ್ತು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದಕ್ಷರ ತೆಲುಗು ಬಾರದೆ, ಎರಡು ಟ್ರಂಕು ಹಿಡಿದುಕೊಂಡು ನಮ್ಮ ಜೊತೆ ರೈಲು ಹತ್ತಿದರು.

ಆಗ ಆ ಕಡೆಯೆಲ್ಲ ಹೊಸ ರಾಜಧಾನಿಯ ಭರಾಟೆ. 2014ರಲ್ಲಿ ರಾಜ್ಯ ಇಬ್ಭಾಗವಾಗಿ, 2015ರ ಅಕ್ಟೋಬರಿನಲ್ಲಿ ಅಮರಾವತಿಗೆ ಶಂಕುಸ್ಥಾಪನೆಯಾಗಿತ್ತು. ವಿಜಯವಾಡ ಮತ್ತು ಗುಂಟೂರಿನ ನಡುವಿನ ಹೆದ್ದಾರಿಯ ಎರಡೂ ಬದಿಗೆ ಹೊಲಗಳು ಸೈಟುಗಳಾಗುತ್ತಿದ್ದವು, ಸೈಟುಗಳು ಅಪಾರ್ಟ್‌ಮೆಂಟುಗಳಾಗುತ್ತಿದ್ದವು. ನಾವೂ ಅಂಥದೊಂದರ ಐದನೆಯ ಮಹಡಿಯಲ್ಲಿ ಬಾಡಿಗೆಗೆ ಸೇರಿದೆವು. ಒಳ್ಳೆಯ ಮನೆ, ಸುಳ್ಳು ಹೇಳಬಾರದು. ಗಾಳಿ ಬೆಳಕು ಧಾರಾಳ. ಗೇಟಿನಲ್ಲಿ ಕಾವಲುಗಾರ. ಗೇಟಿನ ಹೊರಗೆ ಅರವತ್ತು ಅಡಿ ಅಗಲದ ಹೊಚ್ಚಹೊಸ ರಸ್ತೆ. ಬಂದ ನೆಂಟರೆಲ್ಲ ಆ ರಸ್ತೆ ನೋಡಿ ಮೆಚ್ಚಿಕೊಳ್ಳುತ್ತಿದ್ದರು.

ಅತ್ತೆ ಮಾತ್ರ ದಿನದಿನಕ್ಕೆ ಮಾತು ಕಡಿಮೆ ಮಾಡಿದರು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೋಗುವ ಕಾರುಗಳನ್ನು ನೋಡುತ್ತಿದ್ದರು. ಆರು ತಿಂಗಳಾದ ಮೇಲೆ ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಫೋನು ಹಾಲಿನಲ್ಲಿತ್ತು. ನಾನು ಬ್ಯಾಂಕಿನಿಂದ ಬಂದು ಬಾಗಿಲು ತೆಗೆದಾಗ ಸಂಜೆ ಆರೂವರೆ. ಮಣಿಕಟ್ಟು ಮುರಿದಿತ್ತು. ಏಳೂವರೆ ಗಂಟೆ ಹಾಗೇ ನೆಲದ ಮೇಲಿದ್ದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವರು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. "ಕೂಗಿದೆ ಕಣೇ. ಆದರೆ ಎದುರು ಮನೆಯವರ ಹೆಸರೇ ನನಗೆ ಗೊತ್ತಿಲ್ಲವಲ್ಲ, ಯಾರ ಹೆಸರು ಹಿಡಿದು ಕೂಗಲಿ?"

ಅಲ್ಲಿನ ಜನ ಕೆಟ್ಟವರಲ್ಲ. ವಿಷಯ ತಿಳಿದ ಮೇಲೆ ಮೂರು ಮನೆಯವರು ಊಟ ತಂದುಕೊಟ್ಟರು, ಬಂದು ಕೂತು ಮಾತನಾಡಿಸಿದರು. ತಪ್ಪು ಜನರದ್ದಲ್ಲ, ಜಾಗದ ರಚನೆಯದ್ದು. ಮನೆಯಿಂದ ಲಿಫ್ಟಿಗೆ, ಲಿಫ್ಟಿನಿಂದ ಕಾರಿಗೆ, ಕಾರಿನಿಂದ ಹೆದ್ದಾರಿಗೆ. ಒಬ್ಬರನ್ನೊಬ್ಬರು ನೋಡುವ ಜಾಗವೇ ಆ ದಾರಿಯಲ್ಲಿರಲಿಲ್ಲ. ಅರವತ್ತು ಅಡಿ ರಸ್ತೆಯಲ್ಲಿ ನಿಲ್ಲಲು ಯಾರಿಗೂ ಒಂದು ಕಾರಣ ಇರಲಿಲ್ಲ.

ಅತ್ತೆಯವರ ಕೈ ಕೂಡಿಕೊಂಡ ಮೇಲೆ, 2017ರಲ್ಲಿ, ನಾವು ಮಂಗಳಗಿರಿಯ ಹಳೇ ಊರಿನ ಒಂದು ಬೀದಿಗೆ ಮನೆ ಬದಲಾಯಿಸಿದೆವು. ಮಂಗಳಗಿರಿ ವಿಜಯವಾಡದಿಂದ ಗುಂಟೂರಿನ ಕಡೆಗೆ ಹನ್ನೆರಡು ಹದಿಮೂರು ಕಿಲೋಮೀಟರ್. ಬೆಟ್ಟದ ಮೇಲೆ ಪಾನಕಾಲ ನರಸಿಂಹಸ್ವಾಮಿ. ಭಕ್ತರು ತಂದ ಬೆಲ್ಲದ ಪಾನಕವನ್ನು ಸ್ವಾಮಿಯ ಬಾಯಿಗೆ ಹುಯ್ದರೆ ಅರ್ಧ ಕುಡಿದು ಅರ್ಧ ಪ್ರಸಾದವಾಗಿ ಉಳಿಸುತ್ತಾನೆ ಎಂಬ ನಂಬಿಕೆ. ಬೆಟ್ಟದ ಕೆಳಗೆ ಲಕ್ಷ್ಮೀನರಸಿಂಹನ ಗುಡಿ. ಅದರ ಹನ್ನೊಂದು ಅಂತಸ್ತಿನ ಗೋಪುರವನ್ನು ರಾಜಾ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು 1807ರಿಂದ 1809ರವರೆಗೆ ಕಟ್ಟಿಸಿದ. ನಮಗೂ ಆ ಊರಿಗೂ ನಂಟು ಹಳೆಯದು. ಶ್ರೀಕೃಷ್ಣದೇವರಾಯ 1515ರಲ್ಲಿ ಕೊಂಡವೀಡು ಕೋಟೆ ಗೆದ್ದ ಸಂಗತಿಯನ್ನು ಹೇಳುವ ಶಾಸನ ಇರುವುದು ಅಲ್ಲೇ. ಹಂಪಿಯ ದೊರೆಯ ಹೆಸರು ಅಲ್ಲಿನ ಕಲ್ಲಿನಲ್ಲಿದೆ ಎಂದು ಕೇಳಿ ಅತ್ತೆಗೆ ಎಷ್ಟೋ ಸಮಾಧಾನವಾಯಿತು!

ಮಂಗಳಗಿರಿ ಎಂದರೆ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಅಲ್ಲಿನ ಹತ್ತಿ ಸೀರೆ. ಒಡಲು ಸಾದಾ, ಅಂಚಿನಲ್ಲಿ ಜರಿ. ನಾವು ಸೇರಿದ್ದು ಅಂಥ ನೇಕಾರರ ಬೀದಿ. ಅಗಲ ಹದಿನೈದು ಅಡಿಯೋ ಹದಿನೆಂಟು ಅಡಿಯೋ ಇರಬೇಕು. ಕಾರು ಬಂದರೆ ಎದುರಿನ ಸ್ಕೂಟರು ಪಕ್ಕಕ್ಕೆ ನಿಲ್ಲಬೇಕು. ನಮ್ಮ ಮನೆ ಹಳೆಯದು, ಬಚ್ಚಲು ಹೊರಗೆ, ಅಡುಗೆಮನೆ ಕತ್ತಲು. ಮನೆಯನ್ನಷ್ಟೇ ನೋಡಿದ್ದರೆ ಯಾರೂ ಬಾಡಿಗೆಗೆ ಹಿಡಿಯುತ್ತಿರಲಿಲ್ಲ. ಆದರೆ ಬಾಗಿಲ ಎರಡೂ ಕಡೆ ಜಗಲಿ ಇತ್ತು. ತೆಲುಗಿನಲ್ಲಿ ಅದಕ್ಕೆ ಅರುಗು ಎನ್ನುತ್ತಾರೆ.

ಅತ್ತೆ ಮೊದಲ ದಿನವೇ ಆ ಜಗಲಿಯ ಮೇಲೆ ಕೂತರು. ಎದುರು ಮನೆಯೊಳಗೆ ಗುಂಡಿ ತೋಡಿ ಕೂರಿಸಿದ ಕೈಮಗ್ಗ. ಬೆಳಕು ಬೇಕಲ್ಲ, ಅದಕ್ಕೆ ಬಾಗಿಲು ಕಿಟಕಿ ಇಡೀ ದಿನ ತೆರೆದೇ ಇರುತ್ತಿತ್ತು. ಆ ಮನೆಯ ಯಜಮಾನಿ ಬಾಗಿಲಲ್ಲಿ ಕೂತು ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಅವರಿಗೆ ಕನ್ನಡ ಬಾರದು, ಇವರಿಗೆ ತೆಲುಗು ಬಾರದು. ನಾಲ್ಕೇ ದಿನಕ್ಕೆ ಇಬ್ಬರೂ ಗಂಟೆಗಟ್ಟಲೆ ಮಾತನಾಡುತ್ತಿದ್ದರು! ಅವರು ತೆಲುಗಿನಲ್ಲೇ, ಇವರು ಕನ್ನಡದಲ್ಲೇ. ಉಪ್ಪು, ಪಪ್ಪು, ಮಗಳು, ಸೊಸೆ, ಮೊಣಕಾಲು ನೋವು. ಇಷ್ಟಕ್ಕೆ ಭಾಷೆ ಎಷ್ಟು ಬೇಕು? ತಿಂಗಳೊಳಗೆ ಅತ್ತೆ ಇಡೀ ಬೀದಿಗೆ 'ಕನ್ನಡ ಮಾಮ್ಮ' ಆದರು. ಮಾಮ್ಮ ಅಂದರೆ ಅಜ್ಜಿ.

ಕೇಳುಗರೇ, ಆ ಬೀದಿ ಯಾಕೆ ಹಾಗಿತ್ತು? ನನಗೆ ಅರ್ಥವಾದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಬೀದಿಯಲ್ಲಿ ಇರಲು ಜನಕ್ಕೆ ಕಾರಣ ಇತ್ತು. ನೇಯ್ಗೆಯ ಊರುಗಳಲ್ಲಿ ಮಗ್ಗಕ್ಕೇರಿಸುವ ಮೊದಲು ಉದ್ದನೆಯ ನೂಲನ್ನು ಬಯಲಲ್ಲಿ, ಬೀದಿಯುದ್ದಕ್ಕೆ ಹಾಸಿ, ಗಂಜಿ ಹಚ್ಚಿ, ಕುಂಚದಿಂದ ತೀಡುವ ಕೆಲಸ ಇರುತ್ತದೆ. ಒಬ್ಬರಿಂದ ಆಗುವುದಲ್ಲ. ಬಿಸಿಲೇರುವ ಮೊದಲೇ ನಾಲ್ಕಾರು ಜನ ಕೂಡಿ ಮಾಡಬೇಕು. ಆ ಹೊತ್ತಿಗೆ ಬೀದಿ ರಸ್ತೆಯಲ್ಲ, ಕಾರ್ಖಾನೆ. ಉದ್ದದ ನೂಲಿಗೆ ನಮ್ಮಲ್ಲಿ ಹಾಸು ಎನ್ನುತ್ತೇವೆ, ಅಡ್ಡದ್ದಕ್ಕೆ ಹೊಕ್ಕು. ಜೀವನದಲ್ಲಿ ಬೆರೆತದ್ದಕ್ಕೆ 'ಹಾಸುಹೊಕ್ಕು' ಎಂಬ ಮಾತು ಬಂದದ್ದು ಇಲ್ಲಿಂದಲೇ ಅಲ್ಲವೇ? ಬೀದಿಗೂ ಅದು ಸಲ್ಲುತ್ತದೆ. ಉದ್ದಕ್ಕೆ ಹೋಗುವವರಷ್ಟೇ ಇದ್ದರೆ ಅದು ರಸ್ತೆ. ಅಡ್ಡಡ್ಡ ದಾಟಿ ಎದುರು ಮನೆಗೆ ಹೋಗುವವರೂ ಇದ್ದರೆ ಬೀದಿ.

ಎರಡನೆಯದು, ವಾಹನದ ವೇಗ. ಬೀದಿ ಕಿರಿದಾಗಿದ್ದರಿಂದ ಯಾರೂ ಓಡಿಸುವಂತಿರಲಿಲ್ಲ. ಇದು ಬರೀ ನನ್ನ ಅನಿಸಿಕೆಯಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ಯೋಜನೆಯ ಪ್ರಾಧ್ಯಾಪಕರು ಒಂದೇ ತೆರನಾದ ಮೂರು ವಾಸದ ಬೀದಿಗಳನ್ನು ಆರಿಸಿಕೊಂಡು ಅಧ್ಯಯನ ಮಾಡಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಒಂದರಲ್ಲಿ 8,000, ಇನ್ನೊಂದರಲ್ಲಿ 16,000. ವಾಹನ ಕಡಿಮೆಯಿದ್ದ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ ಮೂವರು ಸ್ನೇಹಿತರು ಅದೇ ಬೀದಿಯಲ್ಲಿದ್ದರು. ವಾಹನ ಹೆಚ್ಚಿದ್ದ ಬೀದಿಯಲ್ಲಿ ಒಬ್ಬ ಸ್ನೇಹಿತನೂ ಪೂರ್ತಿ ಲೆಕ್ಕಕ್ಕೆ ಸಿಗಲಿಲ್ಲ! 'ನಿಮ್ಮ ಮನೆ ಎಲ್ಲಿಂದ ಎಲ್ಲಿಯವರೆಗೆ, ಗೆರೆ ಹಾಕಿ ತೋರಿಸಿ' ಎಂದರೆ ಮೊದಲನೆಯ ಬೀದಿಯವರು ಇಡೀ ಬೀದಿಯನ್ನೇ ಸೇರಿಸಿ ಗೆರೆ ಎಳೆದರು. ಕೊನೆಯವರು ತಮ್ಮ ಕಟ್ಟಡಕ್ಕೇ ನಿಲ್ಲಿಸಿದರು. ಇದೆಲ್ಲ 1981ರಲ್ಲಿ ಪುಸ್ತಕವಾಗಿ ಬಂತು. ಮರುವರ್ಷವೇ, 1982ರಲ್ಲಿ, ಆಪಲ್‌ಯಾರ್ಡ್ ಅಥೆನ್ಸ್ ನಗರದಲ್ಲಿ ವೇಗವಾಗಿ ಬಂದ ಕಾರೊಂದು ಬಡಿದು ತೀರಿಕೊಂಡರು. ಎಂಥ ವಿಧಿ ನೋಡಿ.

ನೆದರ್‌ಲೆಂಡ್ಸ್ ದೇಶದಲ್ಲಿ ಇದಕ್ಕೆ ಕಾನೂನೇ ಇದೆ. ಡೆಲ್ಫ್ಟ್ ಎಂಬ ಊರಿನಲ್ಲಿ ಹುಟ್ಟಿದ ಪದ್ಧತಿಯೊಂದಕ್ಕೆ 1976ರಲ್ಲಿ ಸರ್ಕಾರ ಮನ್ನಣೆ ಕೊಟ್ಟಿತು. ವೂನೆರ್ಫ್ ಎಂದು ಹೆಸರು, ವಾಸದ ಅಂಗಳ ಎಂದು ಅರ್ಥ. ಅಂಥ ಬೀದಿಯಲ್ಲಿ ಮಕ್ಕಳು ಆಡಬಹುದು, ಕಾರುಗಳು ತುಂಬಾ ನಿಧಾನವಾಗಿ ಹೋಗಬೇಕು. ಕಾರು ಅಲ್ಲಿ ನೆಂಟ, ಮನೆಯವನಲ್ಲ. ನಮ್ಮ ಹಳೇ ಬೀದಿಗಳು ಕಾನೂನಿಲ್ಲದೆಯೇ ಹಾಗಿದ್ದವು. ಅವುಗಳನ್ನು ಅಗಲ ಮಾಡಿ ನಾವು ಕಳೆದುಕೊಳ್ಳುತ್ತಿದ್ದೇವೆ.

ಮೂರನೆಯದು ನೆರಳು. ಕೃಷ್ಣಾ ತೀರದ ಬೇಸಗೆ ಎಂಥದೆಂದು ಅಲ್ಲಿದ್ದವರಿಗೇ ಗೊತ್ತು. ಮೇ ತಿಂಗಳಲ್ಲಿ ನಲವತ್ತೈದು ಡಿಗ್ರಿ ಮುಟ್ಟುವ ದಿನಗಳಿವೆ. ಹೊಸ ಅರವತ್ತು ಅಡಿ ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮನುಷ್ಯರು ನಿಲ್ಲುವಂತಿಲ್ಲ. ಕಿರಿದಾದ ಬೀದಿಯಲ್ಲಿ ಒಂದು ಸಾಲಿನ ಮನೆಗಳ ನೆರಳು ಇನ್ನೊಂದು ಸಾಲಿಗೆ. ಮೂಲೆಯಲ್ಲೊಂದು ಬೇವಿನ ಮರ, ಅದರ ಕೆಳಗೆ ಇಸ್ತ್ರಿ ಗಾಡಿ. ಆ ಗಾಡಿಯವನಿಗೆ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಊರಿಗೆ ಹೋಗಿದ್ದಾರೆ ಎಲ್ಲ ಗೊತ್ತು. ಅವನಿರುವಾಗ ಬೇರೆ ಕಾವಲುಗಾರ ಯಾಕೆ?

ನಾಲ್ಕನೆಯದು ನೀರು. ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳದೆ ಮನೆ ಹಿಡಿಯಬಾರದು. 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಸಿಂಗ್ ನಗರದ ಕಡೆಯ ಬಡಾವಣೆಗಳು ದಿನಗಟ್ಟಲೆ ಮುಳುಗಿದ್ದನ್ನು ತಾವು ಟೀವಿಯಲ್ಲಿ ನೋಡಿರುತ್ತೀರಿ. ನೀರಿನ ದಾರಿಯಲ್ಲಿ ಬೀದಿ ಮಾಡಿದರೆ ನೀರು ತನ್ನ ದಾರಿಯನ್ನು ಬಿಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಹಳೇ ಬೀದಿಗಳೆಲ್ಲ ಸ್ವರ್ಗ ಎಂದು ತಾವು ತಿಳಿದುಕೊಂಡರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ಬೀದಿಯಲ್ಲಿ ಮನೆ ಕೇಳಲು ಹೋದಾಗ ಬಾಡಿಗೆಯ ಮಾತಿಗೂ ಮೊದಲು ನಮ್ಮನ್ನು ಕೇಳಿದ ಪ್ರಶ್ನೆ, 'ನೀವು ಯಾವ ಜನ?' ನಮ್ಮ ಉತ್ತರ ಅವರಿಗೆ ಒಪ್ಪಿಗೆಯಾಯಿತು, ಮನೆ ಸಿಕ್ಕಿತು. ಬೇರೆ ಉತ್ತರ ಕೊಡಬೇಕಾಗಿದ್ದ ನನ್ನ ಸಹೋದ್ಯೋಗಿಯೊಬ್ಬರಿಗೆ ಅದೇ ವಾರ ಅದೇ ಊರಿನಲ್ಲಿ ಮನೆ ಸಿಗಲಿಲ್ಲ. ಅವರು ಹೋಗಿ ಸೇರಿದ್ದು ನಾವು ಬಿಟ್ಟು ಬಂದಂಥದ್ದೇ ಒಂದು ಅಪಾರ್ಟ್‌ಮೆಂಟಿಗೆ. 'ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ ಮೇಡಂ, ನನಗೆ ಅದೇ ನೆಮ್ಮದಿ' ಎಂದರು. ನಮಗೆ ಉಸಿರು ಕಟ್ಟಿಸಿದ ಜಾಗ ಅವರಿಗೆ ಉಸಿರಾಡಲು ಬಿಟ್ಟಿತು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಬೀದಿ ಯಾರನ್ನು ಹೊರಗಿಡುತ್ತದೆ ಎಂಬುದನ್ನೂ ನೋಡಬೇಕು.

ಅತ್ತೆಯವರ ಮಲ್ಲೇಶ್ವರವನ್ನೇ ತೆಗೆದುಕೊಳ್ಳಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದು ಪೇಟೆಯ ಜನ ಸಾಯತೊಡಗಿದಾಗ, ಗಾಳಿ ಬೆಳಕು ಇರುವ ಹೊಸ ಬಡಾವಣೆಗಳಾಗಿ ಬೆಳೆದದ್ದು ಮಲ್ಲೇಶ್ವರ ಮತ್ತು ಬಸವನಗುಡಿ. ಅಳತೆ ಮಾಡಿ ಎಳೆದ ಅಡ್ಡರಸ್ತೆಗಳು, ಮನೆ ಮುಂದೆ ಸಂಪಿಗೆ, ಕಾಂಪೌಂಡು, ಮೂಲೆಗೊಂದು ಅಂಗಡಿ, ನಡೆದು ಹೋಗುವಷ್ಟು ದೂರದಲ್ಲಿ ಮಾರುಕಟ್ಟೆ, ಶಾಲೆ, ಗುಡಿ. ಇಂದಿಗೂ ಒಳ್ಳೆಯ ಬಡಾವಣೆ ಎಂದರೆ ಅವುಗಳ ಹೆಸರನ್ನೇ ಹೇಳುತ್ತೇವೆ. ಆದರೆ ಮನೆಗಳ ಹಿಂದೆ ಒಂದು ಸಣ್ಣ ಓಣಿ ಇರುತ್ತಿತ್ತು, ಕನ್ಸರ್‌ವೆನ್ಸಿ ಎನ್ನುತ್ತಿದ್ದರು. ಮಲ ಹೊರುವವರು ಮುಂದಿನ ಬೀದಿಗೆ ಬಾರದೆ, ಕಣ್ಣಿಗೆ ಬೀಳದೆ ಬಂದು ಹೋಗಲಿ ಎಂದು ಮಾಡಿದ ಓಣಿ ಅದು. ಆ ಪದ್ಧತಿಯನ್ನು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಕಾನೂನು ನಿಷೇಧಿಸಿತು. ಮುಂದಿನ ಬೀದಿಯ ಸಂಪಿಗೆಯ ಜೊತೆ ಹಿಂದಿನ ಓಣಿಯನ್ನೂ ನೆನೆಯಬೇಕು. ಆದ್ದರಿಂದ ನನ್ನ ಐದನೆಯ ಮಾತು ಇದು. ಹೊಸಬರು ಬಂದು, ಯಾರಾದರೇನು, ಅವರಿಗೂ ಜಗಲಿಯಲ್ಲಿ ಜಾಗ ಸಿಕ್ಕರೆ ಮಾತ್ರ ಆ ಬೀದಿ ಒಳ್ಳೆಯದು.

ಈ ಎರಡರ ನಡುವೆ ಮೂರನೆಯ ಬಗೆಯ ಬೀದಿಯೂ ಇದೆ. ನೌಕರರು ಸೇರಿ ಸೈಟು ಮಾಡಿಕೊಂಡ ಕಾಲೊನಿಗಳು, ಮೂವತ್ತು ಅಡಿ ರಸ್ತೆ, ಒಂದೋ ಎರಡೋ ಅಂತಸ್ತಿನ ಮನೆಗಳು, ಮನೆ ಮುಂದೆ ಹೊಂಗೆಯ ಮರ. ಮಂಗಳಗಿರಿಯ ಅಂಚಿನಲ್ಲೂ ಇವೆ, ತಾವಿರುವ ಕಡೆಯೂ ಇರುತ್ತವೆ. ಅಲ್ಲಿ ಜಾತಿ ಕೇಳುವುದು ಕಡಿಮೆ, ಮಾತೂ ಸ್ವಲ್ಪ ಕಡಿಮೆ. ಆದರೆ ಸಂಕ್ರಾಂತಿಗೆ ಹೆಣ್ಣುಮಕ್ಕಳು ಬಾಗಿಲಲ್ಲಿ ದೊಡ್ಡ ದೊಡ್ಡ ಮುಗ್ಗು, ಅಂದರೆ ರಂಗೋಲಿ, ಹಾಕುವಾಗ, ಗಂಗಿರೆದ್ದು ಬಂದು ತಲೆಯಾಡಿಸುವಾಗ ಎಲ್ಲರೂ ಹೊರಗೆ ಬರುತ್ತಾರೆ. ಗಂಗಿರೆದ್ದು ಬೇರೇನಲ್ಲ, ನಮ್ಮ ಕೋಲೆ ಬಸವನೇ. ಐದನೆಯ ಮಹಡಿಗೆ ಕೋಲೆ ಬಸವ ಹತ್ತುವುದಿಲ್ಲ. ನಾವೇ ಇಳಿಯಬೇಕು. ನನ್ನನ್ನು ಕೇಳಿದರೆ, ಹಳೇ ಬೀದಿಯ ಕಣ್ಣು, ಹೊಸ ಬಡಾವಣೆಯ ಉದಾರತೆ ಎರಡೂ ಕೂಡುವ ಅವಕಾಶ ಇರುವುದು ಇಂಥ ಬೀದಿಗಳಲ್ಲೇ.

ಈಗ ಅತ್ತೆಯವರ ಕಥೆಗೆ ಬರುತ್ತೇನೆ. 2020ರ ಹೊತ್ತಿಗೆ ಅವರಿಗೆ ಮರೆವು ಶುರುವಾಯಿತು. ಒಂದು ಸಂಜೆ ಗುಡಿಗೆಂದು ಹೋದವರು ದಾರಿ ತಪ್ಪಿದರು. ನಾನು ಬ್ಯಾಂಕಿನಲ್ಲಿದ್ದೆ, ನನಗೆ ಗೊತ್ತೇ ಇಲ್ಲ. ರಥದ ಬೀದಿಯ ಹೂವಿನವಳು ಅವರನ್ನು ಕಂಡು, 'ಕನ್ನಡ ಮಾಮ್ಮ ಈ ಕಡೆ ಯಾಕೆ ಹೋಗುತ್ತಿದ್ದಾರೆ' ಎಂದುಕೊಂಡು ಇಸ್ತ್ರಿಯವನಿಗೆ ಹೇಳಿ ಕಳಿಸಿದಳು. ಅವನು ಎದುರು ಮನೆಗೆ ಹೇಳಿದ. ಮಗ್ಗದ ಮನೆಯ ಹುಡುಗ ಓಡಿ ಹೋಗಿ ಕೈಹಿಡಿದು ಕರೆತಂದ. ನಾನು ಮನೆಗೆ ಬರುವಷ್ಟರಲ್ಲಿ ಅತ್ತೆ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಮೊದಲ ಸಲ ಏಳೂವರೆ ಗಂಟೆ, ಎರಡನೆಯ ಸಲ ಅರ್ಧ ಗಂಟೆಯೂ ಇಲ್ಲ. ಅತ್ತೆ ಅವರೇ, ಸೊಸೆ ನಾನೇ. ಬದಲಾಗಿದ್ದು ಬೀದಿ ಒಂದೇ.

ಅತ್ತೆ 2022ರಲ್ಲಿ ತೀರಿಕೊಂಡರು. ಅವತ್ತು ಎದುರು ಮನೆಯ ಮಗ್ಗ ನಿಂತಿತ್ತು. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಮಂಗಳಗಿರಿಯೂ ಬದಲಾಗುತ್ತಿದೆ. ಏಮ್ಸ್ ಆಸ್ಪತ್ರೆ ಮತ್ತು ಕಾಲೇಜು ಬಂದಿದೆ, 2018ರಲ್ಲಿ ತರಗತಿಗಳು ಶುರುವಾದವು. 2021ರಲ್ಲಿ ತಾಡೇಪಲ್ಲಿಯ ಜೊತೆ ಸೇರಿ ಊರು ಮಹಾನಗರಪಾಲಿಕೆಯಾಯಿತು. 2024ರಿಂದ ಅಮರಾವತಿಯ ಕೆಲಸ ಮತ್ತೆ ಚುರುಕಾಗಿದೆ. ಮಗ್ಗ ಬಿಟ್ಟು ಬೇರೆ ಕೆಲಸಕ್ಕೆ ಹೋಗುವ ಮಕ್ಕಳೇ ಹೆಚ್ಚು. ಅವರನ್ನು ತಪ್ಪು ಎನ್ನಲಾಗದು. ಬೀದಿ ಚೆನ್ನಾಗಿರಲಿ ಎಂದು ಯಾರೂ ಅರ್ಧ ಹೊಟ್ಟೆಯಲ್ಲಿ ನೇಯುತ್ತಾ ಕೂರಬೇಕಾಗಿಲ್ಲ. ಆದರೆ ಮಗ್ಗ ಹೋದ ಮೇಲೂ ಜನ ಬಾಗಿಲಲ್ಲಿ ಕೂರಲು ಬೇರೆ ಕಾರಣಗಳನ್ನು ನಾವು ಮಾಡಿಕೊಳ್ಳಬೇಕು.

ನಾನೀಗ ಮಗಳ ಜೊತೆ ಈ ಮಹಾನಗರದಲ್ಲೇ ಇದ್ದೇನೆ, ತಮ್ಮಲ್ಲಿ ಬಹಳ ಜನರಂತೆ ಅಪಾರ್ಟ್‌ಮೆಂಟಿನಲ್ಲೇ. ಎಲ್ಲರೂ ಜಗಲಿ ಮನೆಗೆ ಹೋಗಿ ಎಂದು ಹೇಳುವುದು ಸುಲಭ, ಆಗದ ಮಾತು. ಹಾಗಾಗಿ ಎರಡು ಚಿಕ್ಕ ಕೆಲಸ ಹೇಳಿ ಮುಗಿಸುತ್ತೇನೆ.

ಮನೆ ನೋಡಲು ಹೋಗುವವರು ಬ್ರೋಕರ್ ಇಲ್ಲದೆ ಇನ್ನೊಮ್ಮೆ ಹೋಗಿ. ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಒಂದಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಆ ಬೀದಿಯಲ್ಲಿ ಹತ್ತು ನಿಮಿಷ ನಿಲ್ಲಿ. ಮಕ್ಕಳು ಆಡುತ್ತಿದ್ದಾರೆಯೇ? ಮುದುಕರು ಒಬ್ಬರೇ ನಡೆಯುತ್ತಿದ್ದಾರೆಯೇ? ನೆರಳಿದೆಯೇ? ಕೂರಲು ಜಾಗವಿದೆಯೇ? ಹಾಲಿಗೋ ಕೊತ್ತಂಬರಿಗೋ ನಡೆದು ಹೋಗಬಹುದೇ? ನೀವು ಅಲ್ಲಿ ನಿಂತಿದ್ದನ್ನು ಯಾರಾದರೂ ಗಮನಿಸಿ 'ಯಾರು ಬೇಕಾಗಿತ್ತು?' ಎಂದು ಕೇಳಿದರೇ? ಕೇಳಿದರೆ ಆ ಬೀದಿಗೆ ಕಣ್ಣಿದೆ ಎಂದು ಲೆಕ್ಕ.

ಈಗಾಗಲೇ ಮನೆ ಮಾಡಿದವರು ಗೇಟಿನ ಹೊರಗೆ, ಬೀದಿಗೆ ಮುಖ ಮಾಡಿ ಒಂದು ಬೆಂಚು ಹಾಕಿಸಿ. ನಮ್ಮಲ್ಲಿ ನಾನು ಇದನ್ನು ಹೇಳಿದಾಗ ಮೀಟಿಂಗಿನಲ್ಲಿ ಆಕ್ಷೇಪ ಬಂತು. 'ಕಂಡಕಂಡವರೆಲ್ಲ ಬಂದು ಕೂರುತ್ತಾರಲ್ಲ ಆಂಟಿ' ಎಂದರು. 'ಕೂರಲಿ ಎಂದೇ ಕೇಳುತ್ತಿರುವುದು' ಎಂದೆ. ಮೂರು ಮೀಟಿಂಗು ಕಳೆದ ಮೇಲೆ ಕಲ್ಲಿನ ಬೆಂಚು ಬಂತು. ಈಗ ಬೆಳಿಗ್ಗೆ ಮನೆಗೆಲಸದ ಹೆಣ್ಣುಮಕ್ಕಳು ಅಲ್ಲಿ ಕೂತು ಚಹಾ ಕುಡಿಯುತ್ತಾರೆ, ಮಧ್ಯಾಹ್ನ ಕೊರಿಯರ್ ಹುಡುಗರು ಸುಧಾರಿಸಿಕೊಳ್ಳುತ್ತಾರೆ, ಸಂಜೆ ಐದಕ್ಕೆ ನಾನು ಹೋಗುತ್ತೇನೆ. ಮೊನ್ನೆ ಎರಡು ದಿನ ಜ್ವರ ಬಂದು ನಾನು ಇಳಿದಿರಲಿಲ್ಲ. ಮೂರನೆಯ ದಿನ ಕೆಲಸದ ಹುಡುಗಿಯೊಬ್ಬಳು, ನಮ್ಮ ಮನೆಯವಳೂ ಅಲ್ಲ, ಬಂದು ಬಾಗಿಲು ತಟ್ಟಿ ಕೇಳಿದಳು, 'ಅಮ್ಮ, ಎರಡು ದಿನದಿಂದ ಕಾಣಲಿಲ್ಲವಲ್ಲ?'